ಸರಸ್ ಎಂದ ತಪ್ಪಿಗೆ

ಗುಜರಾತಿಗೆ ಬಂದ ಮೇಲೆ ನಾಗವೇಣಿ ಕಲಿತ ಮೊದಲ ಮಾತು ‘ಸರಸ್’. ಮದುವೆಯಾದ ಹೊಸತು. ಅಹಮದಾಬಾದಿನ ನವರಂಗಪುರದಲ್ಲಿದ್ದ ಗಂಡನ ಹೋಟೆಲಿನ ಅಡುಗೆಮನೆಯಿಂದ ಅವಳು ಹೊರಗೆ ಇಣುಕಿದಾಗ ಗಿರಾಕಿಯೊಬ್ಬ ಸಾಂಬಾರನ್ನು ಸೊರ್ರೆಂದು ಹೀರಿ, ನೇರ ಅವಳ ಕಡೆಗೇ ನೋಡಿ, “ಸರಸ್! ಬಹು ಸರಸ್!” ಎಂದುಬಿಟ್ಟ. ಕುಂದಾಪುರದ ಕಡೆಯ ಹುಡುಗಿ, ಸೆರಗು ಎಳೆದುಕೊಂಡು ಒಳಗೆ ಓಡಿದವಳು ಸಂಜೆ ಗಂಡನ ಹತ್ತಿರ ಅಳುತ್ತಾ ದೂರು ಹೇಳಿದಳು. ದಾಮೋದರ ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ನಕ್ಕದ್ದೇ ನಕ್ಕದ್ದು.

“ಮಾರಾಯ್ತಿ, ಇಲ್ಲಿ ಸರಸ್ ಅಂದ್ರೆ ಚೆನ್ನಾಗಿ ಉಂಟು ಅಂತ. ಅವ ಸಾಂಬಾರಿಗೆ ಹೇಳಿದ್ದು. ನಿನ್ನ ಹತ್ರ ಸರಸಕ್ಕೆ ಬಂದದ್ದಲ್ಲ.”

ಆಮೇಲೆ ಆ ಮಾತು ಅವಳ ನಾಲಗೆಯ ಮೇಲೆ ಕೂತೇಬಿಟ್ಟಿತು. ತರಕಾರಿಯವನ ಬದನೆಕಾಯಿಗೂ ಸರಸ್, ನೆರೆಮನೆಯವರ ಸೊಸೆಯ ಹೊಸ ಸೀರೆಗೂ ಸರಸ್. ಯಾರಾದರೂ ಗುಜರಾತಿಯಲ್ಲಿ ಉದ್ದಕ್ಕೆ ಹೇಳಿ, ಅದು ಅರ್ಥವಾಗದೆ ಹೋದರೂ, ಕೊನೆಗೊಂದು ಸರಸ್ ಹಾಕಿದರೆ ಎದುರಿನವರ ಮುಖ ಅರಳುತ್ತಿತ್ತು. ಇಷ್ಟು ವರ್ಷ ಅವಳನ್ನು ಕಾಪಾಡಿದ ಆ ಮಾತೇ ೨೦೦೪ರ ಮಳೆಗಾಲದಲ್ಲಿ ಅವಳ ಕುತ್ತಿಗೆಗೆ ಬಂತು.

ಆ ವರ್ಷ ಶ್ರಾವಣ ಎರಡು. ಮೊದಲು ಅಧಿಕ, ಆಮೇಲೆ ನಿಜ. ಅಧಿಕ ಮಾಸವಿಡೀ ಸಂಜೆಯ ಹೊತ್ತು ಪಾರಾಯಣ ಮಾಡುವುದು ಅವಳ ಮಾವ ಸೀತಾರಾಮ ಐತಾಳರ ಪದ್ಧತಿ. ಎಂಬತ್ತು ದಾಟಿದ ಜೀವ. ಹುಡುಗನಾಗಿದ್ದಾಗ ಮದ್ದಳೆಗಾರ ಸೋದರಮಾವನ ಬೆನ್ನಿಗೆ ಬಿದ್ದು ಯಕ್ಷಗಾನ ಮೇಳದ ಆಟಗಳಿಗೆ ಹೋಗಿ, ಕಥೆ ಕೇಳುತ್ತಾ ಪೆಟ್ಟಿಗೆಯ ಮೇಲೆ ನಿದ್ದೆ ಮಾಡಿ ಬೆಳೆದವರು. ಮೀಸೆ ಮೂಡುವ ಮೊದಲೇ ಹೋಟೆಲಿನ ಕೆಲಸಕ್ಕೆಂದು ಗುಜರಾತಿಗೆ ಬಂದು, ಸೂರತ್ತಿನ ಉಧ್ನಾದಲ್ಲಿ ಕ್ಯಾಂಟೀನು ನಡೆಸಿ, ಕೊನೆಗೆ ಅಹಮದಾಬಾದಿನಲ್ಲಿ ನೆಲೆ ನಿಂತವರು. ಊರಿನಿಂದ ಬರುವಾಗ ಅವರ ಟ್ರಂಕಿನಲ್ಲಿದ್ದದ್ದು ಎರಡು ಪಂಚೆ ಮತ್ತು ಒಂದು ಪುಸ್ತಕ. ಹಳೆಯ ಕಾಲದ ಅಚ್ಚಿನ, ಷಟ್ಪದಿಯಲ್ಲಿರುವ ಪುರಾಣ. ನಾಗವೇಣಿಗೆ ಅದನ್ನು ಓದಿ ಗೊತ್ತಿರಲಿಲ್ಲ, ಕೇಳಿ ಗೊತ್ತಿತ್ತು. ತವರಿನಲ್ಲಿ ಅಜ್ಜ ಓದುತ್ತಿದ್ದರು, ಇಲ್ಲಿ ಮಾವ. ಕಂಬಕ್ಕೆ ಒರಗಿ ಕೂತು, ಬತ್ತಿ ಹೊಸೆಯುತ್ತಾ, ತುಟಿ ಬಿಚ್ಚದೆ ಕೇಳಿದ ಪದ್ಯಗಳು ಅವಳ ಒಳಗೆ ಸಾಲಾಗಿ ನಿಂತಿದ್ದವು. ಎಲ್ಲಾದರೂ ಒಂದು ಅಕ್ಷರ ಜಾರಿದರೆ ಅಕ್ಕಿಯೊಳಗಿನ ಕಲ್ಲು ಹಲ್ಲಿಗೆ ಸಿಕ್ಕಿದ ಹಾಗೆ ಅವಳಿಗೆ ತಿಳಿದುಬಿಡುತ್ತಿತ್ತು.

ಆ ಪುಸ್ತಕದ ಬೆನ್ನು ಮುರಿದಿತ್ತು. ಹಾಳೆಗಳು ಕಂತೆಕಂತೆಯಾಗಿ ಕೈಗೆ ಬರುತ್ತಿದ್ದವು. ಐತಾಳರಿಗೆ ಓದಲು ಎರಡು ಕೈಯೂ ಬೇಕು: ದಪ್ಪ ಕನ್ನಡಕದಲ್ಲೂ ಅಕ್ಷರ ತೇಲುವುದರಿಂದ ಬಲಗೈಯ ಬೆರಳನ್ನು ಸಾಲಿನ ಕೆಳಗೆ ಹಿಡಿಯುತ್ತಿದ್ದರು, ಎಡಗೈಯಿಂದ ಹಾರುವ ಹಾಳೆ ಒತ್ತಿಕೊಳ್ಳುತ್ತಿದ್ದರು. ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ಓದುವುದು.

“ಅಧಿಕಮಾಸ ಬರುವುದರೊಳಗೆ ಇದನ್ನು ಕಟ್ಟಿಸಿಬಿಡು ಮಗಾ,” ಎಂದರು. “ದಾಮೋದರನ ಕೈಗೆ ಕೊಡಬೇಡ. ಅವ ಹೋಟೆಲಿನ ಬಿಲ್‌ಬುಕ್ಕಿನ ಹಾಗೆ ಪಿನ್ನು ಹೊಡೆಸಿ ತಂದಾನು. ನೀನೇ ಹೋಗು. ಮತ್ತೆ, ಚರ್ಮ ಹಾಕಿಸಬೇಡ.”

ಕೊನೆಯ ಮಾತು ಹೇಳಬೇಕಾಗಿಯೇ ಇರಲಿಲ್ಲ. ಆ ಮನೆಯ ಹೊಸ್ತಿಲನ್ನು ಚರ್ಮ ದಾಟುವಂತಿಲ್ಲ ಎಂದು ಅಹಮದಾಬಾದಿನ ಕನ್ನಡದವರಿಗೆಲ್ಲ ಗೊತ್ತು. ಬಾಗಿಲ ಹೊರಗೆ ಗೋಡೆಗೆ ಮೊಳೆಗಳ ಸಾಲು. ಊರಂಚಿನ ಬೋಪಾಲ್ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ ಕಂಪನಿ ಕೆಲಸದ ಹುಡುಗರು ಶನಿವಾರ ಓದು ಕೇಳಲು ಬಂದರೆ ಬೆಲ್ಟು, ಪರ್ಸು, ವಾಚು ಎಲ್ಲ ಅಲ್ಲಿ ತೂಗುಹಾಕಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ನಮಸ್ಕಾರ ಮಾಡುತ್ತಿದ್ದರು. ಒಮ್ಮೆ ಉಧ್ನಾದಿಂದ ಬಂದ ದಾಮೋದರನ ಅಣ್ಣನ ಮಗ ಹರೀಶ್ ಮರೆತು ಜೇಬಿನಲ್ಲಿ ಪರ್ಸು ಇಟ್ಟುಕೊಂಡೇ ದೇವರ ಎದುರು ಕೂತಿದ್ದ. ಐತಾಳರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕ ಮುಚ್ಚಿದರು, ಊಟ ಬಿಟ್ಟರು, ಗೋಡೆಯ ಕಡೆ ತಿರುಗಿ ಮಲಗಿದರು. ಡಾಕ್ಟರು ಮನೆಗೇ ಬಂದು ಡ್ರಿಪ್ ಏರಿಸಬೇಕಾಯಿತು. “ಇನ್ನೊಂದು ಸಲ ಹೀಗೆ ಉಪವಾಸ ಮಾಡಿದರೆ ಹೃದಯ ತಡೆಯುವುದಿಲ್ಲ,” ಎಂದು ಡಾಕ್ಟರು ಹೇಳಿದ್ದನ್ನು ನಾಗವೇಣಿ ಬಾಗಿಲ ಸಂದಿನಲ್ಲಿ ನಿಂತು ಕೇಳಿಸಿಕೊಂಡಿದ್ದಳು.

ಬೈಂಡರ್ ಮನಸುಖಭಾಯಿಯ ಅಂಗಡಿ ನದಿಯಾಚೆಯ ಹಳೆಯ ಅಹಮದಾಬಾದಿನಲ್ಲಿ, ರಾಯಪುರ ದರವಾಜೆಯ ಹತ್ತಿರದ ಒಂದು ಓಣಿಯೊಳಗೆ. ಪೋಥಿ ಎನ್ನುವ ಜೈನರ ಧರ್ಮಗ್ರಂಥಗಳನ್ನೂ ವಕೀಲರ ಕಡತಗಳನ್ನೂ ಕಟ್ಟುವ ಮನುಷ್ಯ. ನಾಗವೇಣಿ ಕೆಂಪು ವಸ್ತ್ರ ಬಿಚ್ಚಿ ಪುಸ್ತಕ ಇಟ್ಟ ಕೂಡಲೇ ಅವನು ನಾಲ್ಕಾರು ಮಾದರಿಗಳನ್ನು ಅವಳ ಮುಂದೆ ಎಳೆದ.

ಮೊದಲು ತಂತಿಯ ಸುರುಳಿ ಹಾಕಿದ್ದು. ಕಾಲೇಜಿಗೆ ಹೋಗುವ ಮಗಳು ಅಕ್ಷತಾಳ ಪ್ರಾಜೆಕ್ಟಿನ ಹಾಗಿತ್ತು; ದೇವರ ಮುಂದೆ ಇಡುವಂಥದ್ದಲ್ಲ. ಆಮೇಲೆ ಬೆನ್ನಿಗೆ ಬರೀ ಬಿಳಿ ಗೋಂದು ಬಳಿದದ್ದು. ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೂರನೆಯದು ಅಂಚಿನಲ್ಲಿ ತೂತು ಕೊರೆದು ಪಕ್ಕದಿಂದ ದಾರ ಹೊಲಿದದ್ದು. ಗಟ್ಟಿ, ಅಗ್ಗ, ಬೇಗ ಆಗುತ್ತದೆ ಎಂದ. ನಾಗವೇಣಿ ಅದನ್ನು ತೆರೆದು ನೋಡಿದಳು. ಗುಜರಾತಿ ಸಾಲುಗಳ ಮೊದಲ ಅಕ್ಷರಗಳು ಮಡಿಕೆಯ ಒಳಗೆ ಇಳಿದುಹೋಗಿದ್ದವು. ಷಟ್ಪದಿಯ ಪ್ರಾಸ ಇರುವುದೇ ಸಾಲಿನ ಎರಡನೆಯ ಅಕ್ಷರದಲ್ಲಿ. ಅದು ಮಡಿಕೆಯಲ್ಲಿ ಮುಳುಗಿದರೆ ಮಾವ ಹಿಡಿದುಕೊಳ್ಳುವ ಕಂಬವೇ ಮುರಿದ ಹಾಗೆ.

ಇದನ್ನು ಗುಜರಾತಿಯಲ್ಲಿ ಹೇಳುವುದು ಹೇಗೆ? ಅವಳು ತನ್ನ ಅಂಗೈ ಮಡಚಿ ತೋರಿಸಿ, “ಅಕ್ಷರ್ ಅಂದರ್ ಡೂಬ್ ಜಾಯೇ. ನಹೀಂ ಚಾಲೇ,” ಎಂದಳು. “ಪುಸ್ತಕ ಅಪನೇ ಆಪ್ ಸೋನಾ ಚಾಹಿಯೇ. ಹಾಥ್ ಲಗಾಯೇ ಬಿನಾ.” ಅಕ್ಷರ ಒಳಗೆ ಮುಳುಗಿದರೆ ಆಗದು, ಕೈ ಹಿಡಿಯದೆಯೇ ಪುಸ್ತಕ ತೆರೆದು ಮಲಗಬೇಕು ಎನ್ನುವುದು ಅವಳ ಹಿಂದಿ.

“ಪುಸ್ತಕ ಮಲಗಬೇಕಾ?” ಮನಸುಖಭಾಯಿ ಹಿಂದಿಗೆ ಇಳಿದು ನಕ್ಕ. “ಬಹೆನ್, ಓದುವವರನ್ನು ಮಲಗಿಸುವ ಪುಸ್ತಕ ಬಹಳ ಕಟ್ಟಿದ್ದೇನೆ. ಪುಸ್ತಕವನ್ನೇ ಮಲಗಿಸಿ ಅಂದವರು ನೀವೇ ಮೊದಲು.”

ಆದರೆ ಅವನಿಗೆ ಅರ್ಥವಾಗಿತ್ತು. ಹಾಳೆಗಳನ್ನು ಕಂತೆ ಮಾಡಿ, ಪ್ರತಿ ಕಂತೆಯ ಮಡಿಕೆಯೊಳಗಿಂದಲೇ ದಾರ ಹಾಯಿಸಿ, ಒಂದಕ್ಕೊಂದು ಹೆಣೆದು ಹೊಲಿಯುವ ಬಗೆ ತೋರಿಸಿದ. ಆ ಮಾದರಿಯನ್ನು ನಡುವೆ ತೆರೆದು ಕೈ ಬಿಟ್ಟ. ಅದು ನೀರಿನ ಹಾಗೆ ಎರಡೂ ಕಡೆಗೆ ಹರಡಿ ಸುಮ್ಮನೆ ಬಿದ್ದುಕೊಂಡಿತು. ಒಂದಕ್ಷರವೂ ಮುಳುಗಿರಲಿಲ್ಲ. ಇದೇ ಬೇಕು ಎಂದಳು.

“ಮೇಲೆ ಚಾಮಡುಂ?” ಎಂದ. ಚರ್ಮ.

“ನಹೀಂ ನಹೀಂ! ಚಾಮಡುಂ ಬಿಲ್ಕುಲ್ ನಹೀಂ!” ಅವಳು ಎರಡೂ ಕೈ ಆಡಿಸಿದಳು. ಕೆಂಪು ಬಟ್ಟೆಯ ರಟ್ಟು ಎಂದು ತೀರ್ಮಾನವಾಯಿತು. ಅವಳು ಎದ್ದು ಚಪ್ಪಲಿ ಮೆಟ್ಟುವಾಗ ಅವನು ಪುಸ್ತಕದ ಬೆನ್ನು ಸವರುತ್ತಾ ಮತ್ತೊಂದು ಮಾತು ಕೇಳಿದ. ಓಣಿಯಲ್ಲಿ ಸ್ಕೂಟರಿನ ಹಾರ್ನು. ಕೊನೆಯಲ್ಲಿ ಸರಸ್ ಎಂದದ್ದು ಮಾತ್ರ ಕಿವಿಗೆ ಬಿತ್ತು. ಚೆನ್ನಾಗಿ ಮಾಡಲಾ ಎಂದು ಕೇಳುತ್ತಿದ್ದಾನೆ ಪಾಪ.

“ಹಾಂ, ಹಾಂ, ಸರಸ್! ಏಕದಮ್ ಸರಸ್!” ಎಂದಳು ನಾಗವೇಣಿ.

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ತಲೆಯಾಡಿಸಿದ.

ಪುಸ್ತಕ ಬಂತು, ಅಧಿಕಮಾಸವೂ ಬಂತು. ವ್ಯಾಸಪೀಠದ ಮೇಲೆ ಪುಸ್ತಕ ತಾನಾಗಿ ತೆರೆದು ಮಲಗಿತು. ಐತಾಳರು ಅದನ್ನು ಕಣ್ಣಿಗೆ ಒತ್ತಿಕೊಂಡು, ಬಹಳ ಹೊತ್ತು ಹಾಗೇ ಇದ್ದು, ಓದಲು ಶುರುಮಾಡಿದರು. ಎಷ್ಟೋ ವರ್ಷದಿಂದ ಕೇಳದ ತುಂಬಿದ ಸ್ವರ. ಪದ್ಯದಿಂದ ಪದ್ಯಕ್ಕೆ ದಾಟುವಾಗ ಉಸಿರು ಹುಡುಕುತ್ತಿರಲಿಲ್ಲ. ನಾಗವೇಣಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಇಂಥ ಸಂಜೆ ಇನ್ನೊಂದಿಲ್ಲ ಅನ್ನಿಸಿತು.

ಆ ನೆಮ್ಮದಿಗೆ ಆಯುಷ್ಯ ಕಮ್ಮಿ. ಹೋಟೆಲಿನ ಮುರಿದ ಬೆಂಚು ಸರಿಮಾಡಲು ಬಡಗಿ ಬಂದಿದ್ದ. ಹೋಟೆಲಿನ ಹಿಂದಿನ ಅಂಗಳದಲ್ಲಿ ಒಂದು ಡಬ್ಬಿಗೆ ಕಂದು ಬಣ್ಣದ ಬೆಲ್ಲದ ಚೂರಿನಂಥದ್ದನ್ನು ಹಾಕಿ, ನೀರು ಹೊಯ್ದು ಒಲೆಯ ಮೇಲಿಟ್ಟ. ಮಳೆಯ ಗಾಳಿಯಲ್ಲಿ ವಾಸನೆ ಅಡುಗೆಮನೆಗೆ ನುಗ್ಗಿತು. ನಾಗವೇಣಿ ಮೂಗಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದಳು. ಈ ವಾಸನೆ ಎಲ್ಲೋ ಮೂಗಿಗೆ ಬಿದ್ದಿದೆ. ಎಲ್ಲಿ?

“ಯೇ ಕ್ಯಾ ಹೈ, ಭಾಯಿ?”

“ಸರೇಸ್.”

“ಸರಸ್?”

ಬಡಗಿ ನಕ್ಕ. “ಸರಸ್ ಅಲ್ಲ ಬಹೆನ್, ಸರೇಸ್. ಅಂಟು. ದನದ್ದೋ ಎಮ್ಮೆಯದ್ದೋ ಚರ್ಮ, ಮೂಳೆ ಕುದಿಸಿ ಮಾಡುತ್ತಾರೆ. ಬೈಂಡರುಗಳೂ ಇದನ್ನೇ ಹಾಕುವುದು. ಹಿಡಿದರೆ ಬಿಡುವುದಿಲ್ಲ.”

ಹಾಂ, ಹಾಂ, ಸರಸ್. ಏಕದಮ್ ಸರಸ್. ತನ್ನದೇ ಸ್ವರ ಅವಳ ಕಿವಿಯಲ್ಲಿ ಮೊಳಗಿತು. ಈ ವಾಸನೆ ಮೂಗಿಗೆ ಬಿದ್ದದ್ದು ದೇವರ ಕೋಣೆಯಲ್ಲಿ. ಕರ್ಪೂರದ ಕೆಳಗೆ, ತುಳಸಿಯ ಕೆಳಗೆ, ಹೊಸ ಬಟ್ಟೆಯ ವಾಸನೆ ಇರಬೇಕು ಎಂದುಕೊಂಡು ಬಿಟ್ಟಿದ್ದಳು.

ಬೆಲ್ಟನ್ನು ಹೊಸ್ತಿಲಿನಾಚೆ ನಿಲ್ಲಿಸುವ ಮನೆ. ಆ ಮನೆಯ ವ್ಯಾಸಪೀಠದ ಮೇಲೆ, ಸಾಲಿಗ್ರಾಮದ ಎದುರು, ಮಾವನ ಹಣೆಗೆ, ಕಣ್ಣಿಗೆ. ತನ್ನ ಕೈಯಾರೆ ತಂದಿಟ್ಟದ್ದು.

ಆ ಸಂಜೆಯಿಂದ ಅವಳಿಗೆ ಪದ್ಯ ಕೇಳಿಸಲಿಲ್ಲ. ಕಣ್ಣು ಮಾವನ ಮೂಗಿನ ಮೇಲೆ ನೆಟ್ಟಿತ್ತು. ಐತಾಳರು ಮಡಿಕೆಯ ಹತ್ತಿರ ಬಗ್ಗಿದರೆ ಅವಳ ಬತ್ತಿ ಹೊಸೆಯುವ ಬೆರಳು ನಿಲ್ಲುತ್ತಿತ್ತು. ಅವರು ಓದು ನಿಲ್ಲಿಸಿ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡಾಗ, ಈಗ ಕೇಳಿಯೇಬಿಡುತ್ತಾರೆ ಎಂದು ಅವಳು ಬತ್ತಿಯ ತಟ್ಟೆಯನ್ನು ಬಿಗಿಯಾಗಿ ಹಿಡಿದಳು. ಕೇಳಲಿಲ್ಲ. ಪುಟ ತಿರುಗಿಸಿದರು.

ಆಗ ಅವಳಿಗೆ ಆ ಕೈ ಕಂಡಿತು.

ಎಡಗೈ. ಹಾಳೆ ಒತ್ತಿಕೊಳ್ಳುವ ಕೆಲಸವಿಲ್ಲದೆ ಈಗ ಅದು ತೊಡೆಯ ಮೇಲಿತ್ತು. ಬೆರಳುಗಳು ನಡುಗುತ್ತಿದ್ದವು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಮತ್ತೆ ಮೆಲ್ಲಗೆ. ಮಾವನಿಗೆ ಅದರ ಪರಿವೆಯೇ ಇರಲಿಲ್ಲ. ಹೀಗೆ ಹಿಂದೆ ಯಾವತ್ತೂ ಇರಲಿಲ್ಲ. ಪುಸ್ತಕ ಬಂದ ಮೇಲೆ ಶುರುವಾದದ್ದು.

“ಅಜ್ಜನ ಕೈ ನೋಡಿದ್ಯಾ ಅಮ್ಮಾ?” ಎಂದು ಅಕ್ಷತಾಳೂ ಕೇಳಿದಳು. “ಶೇಕ್ ಆಗ್ತಾ ಉಂಟು. ನನ್ನ ಫ್ರೆಂಡ್‌ನ ದಾದಾಜಿಗೆ ಹೀಗೇ ಶುರು ಆಗಿದ್ದು. ಆಮೇಲೆ ಫುಲ್ ಸೈಡ್ ಹೋಗ್ಬಿಡ್ತು, ಪ್ಯಾರಾಲಿಸಿಸ್.”

“ಬಾಯಿ ಮುಚ್ಚೇ!” ನಾಗವೇಣಿ ಅಷ್ಟು ಜೋರಾಗಿ ಕಿರುಚಿದ್ದು ಮಗಳು ಮೊದಲ ಸಲ ಕೇಳಿದ್ದು.

ಗಂಡನಿಗೆ ಹೇಳಿದಳು. ದಾಮೋದರ ಗಲ್ಲಾದ ಹಿಂದೆ ಕೂತು ಎಲ್ಲ ಕೇಳಿ, ಎಂದಿನ ಹಾಗೆ ನಗಲು ಬಾಯಿ ತೆರೆದವನು ನಗಲಿಲ್ಲ.

“ಅಪ್ಪನಿಗೆ ಗೊತ್ತಾದ್ರೆ ಊಟ ಬಿಡ್ತಾರೆ,” ಎಂದ. “ಈ ಸಲ ಬಿಟ್ರೆ ಮುಗೀತು. ನೀನು ಉಸಿರೆತ್ತಬೇಡ.”

“ಹೇಳದೆ ಇಟ್ರೆ? ಆ ಕೈ?”

“ಕೈಗೂ ಗೋಂದಿಗೂ ಎಂತ ಸಂಬಂಧ ಮಾರಾಯ್ತಿ?” ಎಂದ ದಾಮೋದರ. ಆದರೆ ಹಾಗೆನ್ನುವಾಗ ಅವನು ಹೆಂಡತಿಯ ಮುಖ ನೋಡಲಿಲ್ಲ. ಮೇಜು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಚಿದ.

ಹೇಳಿದರೆ ಮಾವ ಉಳಿಯುವುದಿಲ್ಲ. ಹೇಳದಿದ್ದರೆ ಆ ಕೈ ಉಳಿಯುವುದಿಲ್ಲ. ಎರಡರ ನಡುವೆ ಅವಳಿಗೆ ಕಂಡದ್ದು ಒಂದೇ ದಾರಿ: ಯಾರಿಗೂ ತಿಳಿಯದ ಹಾಗೆ ಅಂಟನ್ನು ತೆಗೆಸಿಬಿಡುವುದು. ಬೆಳಿಗ್ಗೆ ಮಾವನ ಪೂಜೆ ಮುಗಿಯುವುದನ್ನು ಕಾದು, “ಒಂದು ಹಾಳೆ ಸಡಿಲ ಉಂಟು ಮಾವ, ಸಂಜೆಯೊಳಗೆ ಸರಿ ಮಾಡಿಸಿ ತರ್ತೇನೆ,” ಎಂದಳು. ದೇವರ ಕೋಣೆಯಲ್ಲಿ ನಿಂತು ಹೇಳಿದ ಮೊದಲ ಸುಳ್ಳು. ಐತಾಳರು ಪುಸ್ತಕ ಕೊಡುವ ಮುಂಚೆ ಮತ್ತೊಮ್ಮೆ ಮುಖಕ್ಕೆ ಒತ್ತಿಕೊಂಡರು. ಅವರಿಗೆ ಬಿಡಲು ಮನಸ್ಸಿಲ್ಲದ ಹಾಗಿತ್ತು. ಅವಳಿಗೆ ಆಗ ಹೆದರಿಕೆಯಲ್ಲಿ ಅದು ಅರ್ಥವಾಗಲಿಲ್ಲ.

ಎಲ್ಲಿಸ್ ಬ್ರಿಜ್ ದಾಟುವಾಗ ಸಾಬರಮತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ರಿಕ್ಷಾದಲ್ಲಿ ಅವಳು ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಳ್ಳಲೋ ಬೇಡವೋ ತಿಳಿಯದೆ ಎರಡೂ ಕೈಯಲ್ಲಿ ಗಾಳಿಯಲ್ಲೇ ಹಿಡಿದು ಕೂತಿದ್ದಳು.

“ನಾನು ಕೇಳಲಿಲ್ಲವಾ?” ಮನಸುಖಭಾಯಿಗೆ ಸಿಟ್ಟು ಬಂತು. “ಧರ್ಮದ ಪುಸ್ತಕ, ಅದಕ್ಕೇ ಕೇಳಿದೆ. ಬೆನ್ನಿಗೆ ಸರೇಸ್ ಹಾಕಲಾ ಅಂತ. ಜೈನರ ಗುಡಿ, ದೇರಾಸರದವರ ಪೋಥಿಗೆ ನಾನು ಹಿಟ್ಟಿನ ಅಂಟು ಮಾತ್ರ ಹಾಕುವುದು. ಚರ್ಮ ಬೇಡ ಅಂದವರು ಸರೇಸ್ ಬೇಕು ಅಂತೀರಲ್ಲ ಅಂತ ನನಗೇ ಸೋಜಿಗ. ಏಕದಮ್ ಸರೇಸ್ ಅಂದಿರಿ. ಎರಡು ಸಲ ಬಳಿದೆ!”

ನಾಗವೇಣಿ ಮುಖ ಮುಚ್ಚಿಕೊಂಡಳು. ಅವಳು ಅಳುವುದನ್ನು ಕಂಡು ಅವನ ಸ್ವರ ಇಳಿಯಿತು.

“ಬರುತ್ತದೆ ಬಹೆನ್, ಬಿಟ್ಟು ಬರುತ್ತದೆ. ಬಿಳಿ ಗೋಂದಾಗಿದ್ದರೆ ಹಾಳೆ ಹರಿದೇ ಬರಬೇಕಿತ್ತು. ಸರೇಸ್ ಹಾಗಲ್ಲ. ನೀರು ಕಂಡರೆ ಕರಗುತ್ತದೆ.”

ರಟ್ಟು ಬಿಡಿಸಿ, ಪುಸ್ತಕವನ್ನು ಹಲಗೆಗಳ ನಡುವೆ ಬೆನ್ನು ಮೇಲಾಗಿ ನಿಲ್ಲಿಸಿ, ಒದ್ದೆ ಹಿಟ್ಟನ್ನು ದಪ್ಪಗೆ ಮೆತ್ತಿದ. ಕಾಯಬೇಕು. ನಾಗವೇಣಿ ಮಣೆಯ ತುದಿಯಲ್ಲಿ ಕೂತು ನೋಡುತ್ತಿದ್ದಳು. ಒದ್ದೆ ಒಳಗಿಳಿದರೆ? ಮಡಿಕೆಯ ಅಕ್ಷರ ಕಲಸಿಹೋದರೆ? ಪ್ರಾಸವೇ ಕರಗಿದರೆ? ಅವಳ ತುಟಿ ತಾನಾಗಿ ಅಲ್ಲಾಡಿತು. ಮೊದಲ ಸಂಧಿಯ ಪದ್ಯಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾ ಹೋದಳು. ಪುಸ್ತಕ ಹೋದರೆ ಇಷ್ಟಾದರೂ ಇರಲಿ ಎನ್ನುವ ಹಾಗೆ.

ಅಂಟು ಲೋಳೆಯಾಯಿತು. ಮನಸುಖಭಾಯಿ ಬಿದಿರಿನ ಸೀಳಿನಿಂದ ಮೆಲ್ಲಗೆ ಕೆರೆದ. ಬೆನ್ನಿಗೆ ಅಂಟಿಸಿದ್ದ ಜಾಳು ಬಟ್ಟೆ ಉದ್ದಕ್ಕೆ ಸುಲಿದು ಬಂತು. ಹಾವು ಪೊರೆ ಬಿಟ್ಟ ಹಾಗೆ. ಕೆಳಗೆ ದಾರದ ಹೊಲಿಗೆ ಹಾಗೇ ಇತ್ತು, ಅಕ್ಷರಗಳೂ ಇದ್ದವು. ಹೊಸ ಬಟ್ಟೆ, ಹಿಟ್ಟಿನ ಅಂಟು, ಹಳೆಯ ರಟ್ಟು. ಒಣಗಲು ಬಲ್ಬಿನ ಕೆಳಗೆ ಇಟ್ಟ. “ಇದಕ್ಕೆ ಹುಳ ಬರಬಹುದು, ಆಗಾಗ ಬಿಸಿಲು ತೋರಿಸಿ,” ಎಂದ. ಸುಲಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅವಳ ಕೈಗೇ ಕೊಟ್ಟ. “ಇದು ನಿಮ್ಮ ದೇವರ ಮೈಯಿಂದ ಬಂದದ್ದು. ನಾನು ಕಸಕ್ಕೆ ಹಾಕುವುದಿಲ್ಲ. ನದಿಗೆ ಬಿಡಿ.”

ಬರುವಾಗ ಮಳೆ ಜೋರಾಗಿ ಸುರಿಯುತ್ತಿತ್ತು. ಸೇತುವೆಯ ಮೇಲೆ ನಿಲ್ಲಿಸಲು ರಿಕ್ಷಾದವನು ಒಪ್ಪಲಿಲ್ಲ. ಚೀಲ ಕೈಯಲ್ಲೇ ಉಳಿಯಿತು. ಮನೆಯೊಳಗೆ ತರುವ ಹಾಗಿಲ್ಲ. ಬಾಗಿಲ ಹೊರಗಿನ ಮೊಳೆಗೆ, ಬೆಲ್ಟುಗಳು ತೂಗುವ ಸಾಲಿನಲ್ಲಿ, ಅವಳು ಅದನ್ನು ತೂಗುಹಾಕಿದಳು. ನಾಳೆ ಬಿಟ್ಟು ಬಂದರಾಯಿತು.

ಆ ಸಂಜೆ ಶನಿವಾರ. ಬೋಪಾಲಿನ ಹುಡುಗರು ಬಂದಿದ್ದರು. ಐತಾಳರು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡರು. ತಡೆದರು. ಇನ್ನೊಮ್ಮೆ ಒತ್ತಿಕೊಂಡರು. ಓದಲು ಶುರುಮಾಡಿದರು. ಎಡಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ನಡುಗಲಿಲ್ಲ. ಒಂದು ಬೆರಳೂ ಅಲುಗಲಿಲ್ಲ.

ದೇವರೇ ಕಾಪಾಡಿದೆ, ಎಂದುಕೊಂಡಳು ನಾಗವೇಣಿ. ಕಣ್ಣಲ್ಲಿ ನೀರು ಬಂತು. ಅಕ್ಷತಾ ಪಕ್ಕದಿಂದ ಮೊಣಕೈಯಲ್ಲಿ ತಿವಿದು, “ಅಮ್ಮಾ, ಕೈ ಠೀಕ್ ಆಯ್ತು!” ಎಂದು ಪಿಸುಗುಟ್ಟಿದಳು.

ಆದರೆ ಕಿವಿ ಸುಮ್ಮನಿರಲಿಲ್ಲ. ಸ್ವರ ತೆಳ್ಳಗಿತ್ತು. ಹಿಂದಿನ ವರ್ಷಗಳ ಹಾಗೆ, ಪುಸ್ತಕ ಕಟ್ಟಿಸುವ ಮುಂಚಿನ ಹಾಗೆ. ಮೂರನೆಯ ಪದ್ಯದಲ್ಲಿ ಐತಾಳರು ಉಸಿರು ಹುಡುಕಿದರು. ಐದನೆಯದರಲ್ಲಿ ಸಾಲು ತಪ್ಪಿತು. ಅವರು ಯಾವತ್ತೂ ಸಾಲು ತಪ್ಪಿದವರಲ್ಲ. ಬೆರಳು ಹಾಳೆಯ ಮೇಲೆ ಅಲೆದಾಡಿತು. ನಾಗವೇಣಿ ಕಂಬದ ಹತ್ತಿರದಿಂದಲೇ ಆ ಸಾಲಿನ ಮೊದಲ ಪದ ಹೇಳಿಕೊಟ್ಟಳು. ಅವಳ ಬಾಯಿಂದ ಪದ್ಯ ಹೊರಗೆ ಬಂದದ್ದು ಅದೇ ಮೊದಲು. ಐತಾಳರು ಅದನ್ನು ಹಿಡಿದುಕೊಂಡು ಸಂಧಿಯ ನಡುವಿನವರೆಗೆ ಹೇಗೋ ದಾಟಿದರು. ದಾಟಿ, ಪುಸ್ತಕದಿಂದ ತಲೆ ಎತ್ತಿದರು.

“ನಾಗವೇಣೀ.”

“ಮಾವ.”

“ಮದ್ದಳೆ ಎಲ್ಲಿ ಹೋಯ್ತು?”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವನ ಬುದ್ಧಿ ಜಾರಿತು ಎಂದುಕೊಂಡಳು ನಾಗವೇಣಿ.

“ಇಲ್ಲಿ ಎಂಥ ಮದ್ದಳೆ ಮಾವ?”

“ಇತ್ತು,” ಎಂದರು ಐತಾಳರು. ಹುಡುಗನ ಹಾಗೆ ಹಟ ಇತ್ತು ಸ್ವರದಲ್ಲಿ. “ಇಷ್ಟು ದಿನ ಇತ್ತು. ಸೋದರಮಾವ ಮಳೆಗಾಲದಲ್ಲಿ ಮದ್ದಳೆಯನ್ನು ಬೆಂಕಿಗೆ ಹಿಡಿದು ಕಾಯಿಸುವಾಗ ಬರ್ತಿತ್ತಲ್ಲ, ಆ ವಾಸನೆ. ಪುಸ್ತಕ ತೆರೆದ ಕೂಡಲೇ ಬರ್ತಿತ್ತು. ಅವ ನನ್ನ ಎಡಗಡೆ ಬಂದು ಕೂತು ಬಾರಿಸ್ತಿದ್ದ ಮಗಾ. ನಾನೂ ತೊಡೆಯ ಮೇಲೆ ಪೆಟ್ಟು ಹಾಕ್ತಿದ್ದೆ. ಇವತ್ತು ಬರ್ಲಿಲ್ಲ.” ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನಿಂದ ಎಂತಾದ್ರೂ ತಪ್ಪಾಯ್ತಾ?”

ನಾಗವೇಣಿ ಆ ಎಡಗೈಯನ್ನು ನೋಡಿದಳು. ಅದು ನಡುಕವಾಗಿರಲಿಲ್ಲ. ತಾಳವಾಗಿತ್ತು. ತಪ್ಪು ತನ್ನದು, ಎರಡು ಸಲದ್ದೂ ತನ್ನದೇ. ಈಗ ಹೇಳಲಾ? ನೀವು ಮೂಗಿಗೆ ಒತ್ತಿಕೊಂಡದ್ದು ಸತ್ತ ದನದ ಚರ್ಮ ಮಾವ ಎಂದು ಹೇಳಲಾ? ಹೇಳಿದರೆ ಈ ಪುಸ್ತಕ ಇವತ್ತೇ ಮುಚ್ಚುತ್ತದೆ, ಆ ಬಾಯಿ ಇವತ್ತೇ ಮುಚ್ಚುತ್ತದೆ. ಹೇಳದಿದ್ದರೆ ಈ ಮುದುಕ ತನ್ನ ತಪ್ಪು ಯಾವುದೆಂದು ಹುಡುಕುತ್ತಾ ಹುಡುಕುತ್ತಾ ಸೊರಗುತ್ತಾರೆ. ದಾಮೋದರ ಬಾಗಿಲ ಹತ್ತಿರದಿಂದ ಅವಳಿಗೆ ಬೇಡ ಎಂದು ಕಣ್ಣು ಮಾಡುತ್ತಿದ್ದ.

“ದೀಪಕ್ಕೆ ಎಣ್ಣೆ ತರ್ತೇನೆ ಮಾವ,” ಎಂದು ಎದ್ದಳು.

ದೀಪದಲ್ಲಿ ಎಣ್ಣೆ ತುಂಬಿತ್ತು.

ಹೊರಬಾಗಿಲು ತೆರೆದಳು. ಮೊಳೆಗಳ ಸಾಲಿನಲ್ಲಿ ಬೆಲ್ಟುಗಳು ನೀರಿನ ಹನಿ ತೊಟ್ಟಿಕ್ಕಿಸುತ್ತಾ ತೂಗುತ್ತಿದ್ದವು. ಕೊನೆಯ ಮೊಳೆಯಲ್ಲಿ ಚೀಲ. ಅವಳು ಚೀಲ ಬಿಚ್ಚಿ ಕೈ ಹಾಕಿದಳು. ಒದ್ದೆ ಬಟ್ಟೆ ಬೆರಳಿಗೆ ಅಂಟಿತು. ಜೀವ ಇದ್ದದ್ದು ಕೈ ಹಿಡಿದ ಹಾಗೆ. ಮಳೆಯ ತೇವಕ್ಕೆ ವಾಸನೆ ಮೊದಲಿಗಿಂತ ಜೋರಾಗಿತ್ತು. ಅದನ್ನು ಸುರುಳಿ ಸುತ್ತಿ, ಸೆರಗಿನ ತುದಿಯಲ್ಲಿ ಗಂಟು ಹಾಕಿ, ಮಡಿಲಿಗೆ ಸಿಕ್ಕಿಸಿಕೊಂಡಳು.

ಹೊಸ್ತಿಲ ಮುಂದೆ ಅವಳ ಕಾಲು ನಿಂತುಬಿಟ್ಟಿತು. ಮದುವೆಯಾದ ದಿನ ಅಕ್ಕಿ ಚೆಲ್ಲಿ ದಾಟಿದ ಹೊಸ್ತಿಲು. ಒಳಗೆ ಸಾಲಿಗ್ರಾಮ ಇತ್ತು, ದೀಪ ಇತ್ತು. ಒಳಗಿದ್ದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಇದರ ಪಾಪ ಏನಿದೆಯೋ ಅದು ನನ್ನ ತಲೆಗೆ ಇರಲಿ, ಮಾವನ ತಲೆಗೆ ಬೇಡ, ನನ್ನ ಮಗಳ ತಲೆಗೂ ಬೇಡ. ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೆ ತಿಳಿದಿರಲಿಲ್ಲ. ಬಲಗಾಲು ಒಳಗಿಟ್ಟಳು.

ಏನೂ ಆಗಲಿಲ್ಲ. ದೀಪ ಉರಿಯುತ್ತಲೇ ಇತ್ತು. ಆ ಸುಮ್ಮನಿರುವಿಕೆಯೇ ಅವಳನ್ನು ಇನ್ನಷ್ಟು ಹೆದರಿಸಿತು.

ಅವಳು ಕಂಬದ ಹತ್ತಿರ ಹೋಗಲಿಲ್ಲ. ವ್ಯಾಸಪೀಠದ ಎಡಬದಿಗೆ, ಮಾವನ ಪಕ್ಕದಲ್ಲೇ ಬಂದು ಕೂತಳು. ಸೊಸೆಯಾಗಿ ಬಂದ ಮೇಲೆ ಅಷ್ಟು ಹತ್ತಿರ ಕೂತವಳಲ್ಲ. ಐತಾಳರು ಮುಖ ತಿರುಗಿಸಿದರು. ಕನ್ನಡಕದ ಹಿಂದೆ ದೊಡ್ಡದಾಗಿ ಕಾಣುವ ಮಸುಕು ಕಣ್ಣುಗಳು ಅವಳ ಮೇಲೆ ನಿಂತವು. ಮೂಗಿನ ಹೊಳ್ಳೆಗಳು ಒಮ್ಮೆ ಅರಳಿದವು.

ಗೊತ್ತಾಯಿತು, ಎಂದುಕೊಂಡಳು. ಕಣ್ಣು ಮುಚ್ಚಿದಳು.

“ಎಣ್ಣೆ ಹಾಕಿದ್ಯಾ?” ಎಂದು ಕೇಳಿದರು ಐತಾಳರು.

“ಹ್ಞೂಂ, ಮಾವ.”

“ಹಾಗಾದ್ರೆ ಕೇಳು.”

ಬೆರಳು ಸಾಲಿನ ಕೆಳಗೆ ಹೋಯಿತು. ಸ್ವರ ಎದ್ದಿತು. ತುಂಬಿ ಎದ್ದಿತು. ನಾಗವೇಣಿ ಕಣ್ಣು ತೆರೆಯಲಿಲ್ಲ. ಮಡಿಲಿನ ಗಂಟಿನ ಮೇಲೆ ಎರಡೂ ಕೈ ಒತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ, ತೊಡೆಯ ಮೇಲಿನ ಪಂಚೆಯ ಮೇಲೆ, ಮುದಿ ಬೆರಳುಗಳು ಮೆಲ್ಲಗೆ ಪೆಟ್ಟು ಹಾಕತೊಡಗಿದವು.